ಸಾಚಾ ಇಮಾಮಸಾಬನ ಹೆಂಡತಿ

ಸಕೀನಾಬಿ ಹೆಣದ ಬಲಗೈಯನ್ನು ಎತ್ತಿ ಹಿಡಿದು ಮತ್ತೊಂದು ತಂಬಿಗೆ ಉಗುರುಬೆಚ್ಚಗಿನ ನೀರು ಹೊಯ್ದಳು. ಅಂಗೈಯನ್ನು ತೋಯಿಸಿದ ನೀರು ಬೆರಳ ತುದಿಗೆ ಬರುತ್ತಲೇ ಹನಿಹನಿಯಾಗಿ ಉರುಳಿಹೋಯಿತು. ತನ್ನ ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ಗಟ್ಟಿ. ಎರಡೂ ಕೈಯ ಬೆರಳುಗಳಿಗೆ ಕಂದುಹಳದಿ ಬಣ್ಣದ ಏನೋ ಒಂದು ಟೊಪ್ಪಿಗೆ ಹಾಕಿದಂತೆ ಅಂಟಿ ಕೂತಿತ್ತು.

ನಿಪ್ಪಾಣಿಯ ಆ ಓಣಿಯಲ್ಲಿ ತೀರಿಹೋದ ಹೆಂಗಸರಿಗೆಲ್ಲ ಕಡೆಯ ಸ್ನಾನ ಮಾಡಿಸುವವಳು ಸಕೀನಾಬಿಯೇ. ಸುಣ್ಣ ಬಳಿದ ಕೈ, ತಂಬಾಕು ಹತ್ತಿದ ಕೈ, ಮದುವೆಯ ಬಣ್ಣ ಮಾಸದ ಉಗುರು, ಎಲ್ಲವನ್ನೂ ತೊಳೆದು ಕಳಿಸಿದ್ದಾಳೆ. ಇಂಥದ್ದನ್ನು ಕಂಡಿರಲಿಲ್ಲ. ನೀರು ಮುಟ್ಟದ ಚರ್ಮ ಒಂದಿಷ್ಟು ಉಳಿದರೂ ಗುಸಲ್, ಆ ಕಡೆಯ ಸ್ನಾನ, ಪೂರ್ತಿಯಾಗದು. ಗುಸಲ್ ಆಗದೆ ಸತ್ತವರಿಗಾಗಿ ಮಾಡುವ ಜನಾಜಾದ ನಮಾಜು ಇಲ್ಲ. ಬ್ಲೇಡಿನಿಂದ ಕೆರೆಯೋಣವೆಂದರೆ, ಸತ್ತವರಿಗೂ ಬದುಕಿದವರಷ್ಟೇ ನೋವಾಗುತ್ತದೆಂದು ಹಿರಿಯರು ಹೇಳಿಟ್ಟಿದ್ದಾರೆ. ಆಕೆ ಎದ್ದು ಹಿತ್ತಲಿಗೆ ಕಟ್ಟಿದ್ದ ಪರದೆಯ ತನಕ ಬಂದಳು.

"ಇಮಾಮಭಾಯಿ, ಮೆಹರುನ ಬೆರಳಿಗಿ ಇದೇನ್ ಹತ್ತೈತಿ?"

ಅಂಗಳದಲ್ಲಿ ಗಂಡಸರ ನಡುವೆ ಕೂತಿದ್ದ ಮೆಹರುಬಿಯ ಗಂಡ ಇಮಾಮಸಾಬ ತಲೆ ಎತ್ತಿದ. ಪಕ್ಕದಲ್ಲಿ ಅಕ್ಕೋಳದ ಭೀಮಗೊಂಡ ಇದ್ದ. ಇಮಾಮಸಾಬನ ಮೋಟಾರ್‌ಸೈಕಲ್ ಗ್ಯಾರೇಜಿಗೆ ಅರ್ಧ ಗಿರಾಕಿಗಳನ್ನು ತಂದವನೇ ಅವನು. ಬೆರಳಿಗೆ ಹತ್ತಿದ್ದು ಏನೆಂದು ಇಮಾಮಸಾಬನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವನ ಬಾಯಿಂದ ಬೇರೆಯೇ ಮಾತು ಬಂತು.

"ಅದು... ಚರ್ಮದ ಬ್ಯಾನಿ. ಭಾಳ ದಿನದ್ದು."

*

ಏಳು ವರ್ಷದ ಹಿಂದೆ, ಎಂಬತ್ತೇಳರ ಕಬ್ಬಿನ ಹಂಗಾಮು. ಟ್ರ್ಯಾಕ್ಟರುಗಳು ರಸ್ತೆಯನ್ನು ಉತ್ತು ಹಾಕಿದ್ದವು. ಅವುಗಳ ಗಾಲಿ ಸಿಡಿಸಿದ ಕಲ್ಲು ಬಡಿದು ಮೋಟಾರ್‌ಸೈಕಲ್ಲುಗಳ ಇಂಜಿನ್ನಿನ ಬದಿ ಒಡೆಯುವುದು, ಎಣ್ಣೆಯೆಲ್ಲ ದಾರಿಯಲ್ಲಿ ಸುರಿಯುವುದು, ಗಿರಾಕಿ ಗಾಡಿ ನೂಕಿಕೊಂಡು ಗ್ಯಾರೇಜಿಗೆ ಬರುವುದು ದಿನದ ಮಾತಾಗಿತ್ತು. ಇಮಾಮಸಾಬ ತಗಡಿನ ಕವರು ಮಾಡಿ ನೋಡಿದ. ಅದು ಗಡಗಡ ಅಂದು ಊರನ್ನೇ ಎಬ್ಬಿಸಿತು. ಆಮೇಲೆ ಕೊಲ್ಲಾಪುರದಿಂದ ಒಂದು ಡಬ್ಬಿ ರೆಸಿನ್ನು ಅನ್ನುವ ಅಂಟು, ಗಾಜಿನ ಎಳೆಯ ಜಾಳಿಗೆ ತಂದು, ಮೂಲೆಯಲ್ಲಿದ್ದ ಹಳೆಯ ಇಂಜಿನ್ನಿನ ಮೇಲೆ ನೇರವಾಗಿ ಮೆತ್ತಿಬಿಟ್ಟ. ಗಟ್ಟಿಯಾದದ್ದು ಇಂಜಿನ್ನನ್ನು ಬಿಡಲೇ ಇಲ್ಲ. ಉಳಿಯಿಂದ ಕೆತ್ತಿ ತೆಗೆಯುವಷ್ಟರಲ್ಲಿ ಸಂಜೆಯಾಯಿತು.

ಒಳಗೆ ಕೂತು ಬೀಡಿ ಕಟ್ಟುತ್ತಿದ್ದ ಮೆಹರುಬಿಗೆ ನಗು ತಡೆಯಲಾಗಲಿಲ್ಲ.

"ಎಣ್ಣಿ ಸವರದ ದೋಸಿ ಹೊಯ್ದ್ರ ಹಂಚ ಬಿಡತೈತೇನ್ರಿ?" ಎಂದಳು.

ಮರುದಿನ ಬೀಡಿಯ ಮೊರ ಬದಿಗಿಟ್ಟು ತಾನೇ ಕೂತಳು. ಇಂಜಿನ್ನಿನ ಬದಿಗೆ ಪ್ಲಾಸ್ಟರು ಮೆತ್ತಿ, ಬೇಕಾದಲ್ಲಿ ಉಬ್ಬು ಕೊಟ್ಟು, ಗಾಳಿಯಾಡಲು ಕಿಂಡಿ ಬಿಟ್ಟು, ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿದಳು. ಮೇಣ ಸವರಿದಳು. ಅದರ ಮೇಲೆ ಜಾಳಿಗೆಯ ತುಂಡುಗಳನ್ನಿಟ್ಟು ರೆಸಿನ್ನು ಕುಡಿಸಿದಳು. ಬ್ರಶ್ಶಿನಿಂದ ಒತ್ತಿದರೆ ಒಳಗೆ ಗಾಳಿಗುಳ್ಳೆ ಉಳಿಯುತ್ತಿತ್ತು, ಕೈಚೀಲ ಹಾಕಿಕೊಂಡರೆ ಗುಳ್ಳೆ ಎಲ್ಲಿದೆಯೆಂದು ತಿಳಿಯುತ್ತಿರಲಿಲ್ಲ. ಬರಿಬೆರಳಿನಿಂದ ಒಂದೊಂದನ್ನೇ ಹುಡುಕಿ ಒತ್ತಿ ತೆಗೆದಳು. ಒಣಗಿದ ಮೇಲೆ ಬಡಿಗೆಯಿಂದ ಮೆಲ್ಲಗೆ ತಟ್ಟಿದಳು. ಟಕ್ಕೆಂದು ಬಿಟ್ಟುಕೊಂಡಿತು, ಒಳಬದಿ ಮುಖ ಕಾಣುವಷ್ಟು ನಯ. ಅದು ಸಾಚಾ. ಇನ್ನು ಅದರೊಳಗೆ ಎಷ್ಟು ಕವರು ಬೇಕಾದರೂ ಅಚ್ಚು ತೆಗೆಯಬಹುದು.

ಮೊದಲ ಕವರು ಭೀಮಗೊಂಡನ ಗಾಡಿಗೆ ಕೂತಿತು. ಆತ ಗೆಣ್ಣಿನಿಂದ ಕುಟ್ಟಿ ನೋಡಿ, ಯಾರ ಕೈಕೆಲಸ ಇದು ಎಂದು ಕೇಳಿದ. ನಾನೇ ಎಂದುಬಿಟ್ಟ ಇಮಾಮಸಾಬ. ಬಾಗಿಲ ಸಂದಿಯಲ್ಲಿ ನಿಂತಿದ್ದ ಮೆಹರುಬಿ ಅದನ್ನು ಕೇಳಿ ಸೆರಗಿನಲ್ಲಿ ನಕ್ಕಳು. ಅವತ್ತು ಅದು ನಗುವ ಮಾತೇ ಆಗಿತ್ತು.

ನಮ್ಮ ಗಡಿಯ ಊರುಗಳಲ್ಲಿ ಒಂದು ಶಬ್ದಕ್ಕೆ ಎರಡು ಮನೆ. ಮರಾಠಿಯಲ್ಲಿ ಸಾಚಾ ಅಂದರೆ ಅಚ್ಚು, ಕನ್ನಡದಲ್ಲಿ ಸಾಚಾ ಅಂದರೆ ಅಪ್ಪಟ, ಸುಳ್ಳಿಲ್ಲದವನು. ಚಿಕ್ಕೋಡಿಯಿಂದ ಕಾಗವಾಡದ ತನಕ ಗಿರಾಕಿಗಳು ಅವನಿಗೆ ಸಾಚಾ ಇಮಾಮಸಾಬ ಎಂದೇ ಹೆಸರಿಟ್ಟರು. ಅವನು ಎರಡೂ ಅರ್ಥವನ್ನು ಸಂತೋಷದಿಂದ ಇಟ್ಟುಕೊಂಡ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಆ ಮನೆಯಲ್ಲಿ ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು.

*

ಬ್ಯಾನಿ ಎಂಬ ಮಾತು ಪರದೆ ದಾಟಿ ಹೋದದ್ದೇ ತಡ, ಸಕೀನಾಬಿಗೆ ಕೈಜೋಡಿಸಿದ್ದ ಇಬ್ಬರೂ ಹೆಂಗಸರು ಹಿಂದೆ ಸರಿದರು. ಒಬ್ಬಾಕೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಂದು ಹೇಳಿ ತಂಬಿಗೆಯನ್ನು ನೆಲಕ್ಕಿಟ್ಟಳು. ಇನ್ನೊಬ್ಬಾಕೆ, ಮೆಹರುಬಿ ಮದುವೆಮನೆಗಳಲ್ಲಿ ಸದಾ ಸೆರಗಿನೊಳಗೆ ಕೈ ಹುದುಗಿಸಿಕೊಂಡು ಕೂರುತ್ತಿದ್ದುದನ್ನು ನೆನಪಿಸಿದಳು. ಮಹಾರೋಗವೇ ಇರಬೇಕು, ಅದಕ್ಕೇ ಮುಚ್ಚುತ್ತಿದ್ದಳು ಎಂದಳು. ನೀರೇ ಬೇಡ, ಒಣ ಮಣ್ಣು ಸವರಿ ತಯಮ್ಮುಮ್ ಮಾಡಿ ಕಳಿಸಿಬಿಡೋಣ ಎಂಬ ಮಾತೂ ಬಂತು.

ಅಂಗಳದಲ್ಲಿ ಇಮಾಮಸಾಬನಿಗೆ ಎಲ್ಲವೂ ಕೇಳಿಸುತ್ತಿತ್ತು. ತನ್ನ ಹೆಂಡತಿ ಸ್ನಾನವಿಲ್ಲದೆ, ರೋಗಿಯೆಂಬ ಹೆಸರು ಹೊತ್ತು ಮಣ್ಣಿಗೆ ಹೋಗುವವಳಿದ್ದಳು. ಒಂದು ಮಾತು ಹೇಳಿದರೆ ಸಾಕಿತ್ತು. ಭೀಮಗೊಂಡನ ಮೊಣಕಾಲು ತನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಇಮಾಮಸಾಬ ಟೋಪಿ ಸರಿಮಾಡಿಕೊಂಡು ಕೂತೇ ಇದ್ದ.

*

ಮದುವೆಮನೆಯ ಆ ಸೆರಗು ಇಮಾಮಸಾಬನೇ ಮಾಡಿದ ಕಟ್ಟಳೆ. ರಾಯಬಾಗದಲ್ಲಿ ಅವನ ಚಿಕ್ಕಪ್ಪನ ಮಗಳ ಮದುವೆಗೆ ಹೊರಟಾಗ ಮೊದಲ ಸಲ ಹೇಳಿದ್ದ. ಹೆಂಗಸು ಗ್ಯಾರೇಜಿನಲ್ಲಿ ಕೂರುತ್ತಾಳೆಂದು ತಿಳಿದರೆ ಗಿರಾಕಿ ಕವರನ್ನೂ ನಂಬುವುದಿಲ್ಲ, ಗಂಡನನ್ನೂ ನಂಬುವುದಿಲ್ಲ ಎಂದ. ಆವತ್ತು ಮೆಹರುಬಿ ನಗಲಿಲ್ಲ.

"ಕೈ ಮುಚ್ಕೋತೀನ್ರಿ," ಎಂದಳು. "ದಮ್ಮು ಹೆಂಗ ಮುಚ್ಕೊಳ್ಳಿ?"

ಆಗಲೇ ಅವಳಿಗೆ ಉಬ್ಬಸ ಶುರುವಾಗಿತ್ತು. ಕವರಿನ ಅಂಚು ಉಜ್ಜುವಾಗ ಏಳುವ ಗಾಜಿನ ಧೂಳು ಎದೆಯಲ್ಲಿ ಕೂರುತ್ತದೆಂದು ಡಾಕ್ಟರು ಇಮಾಮಸಾಬನಿಗೆ ಬಿಡಿಸಿ ಹೇಳಿದ್ದರು. ಅವನು ಬಾಯಿಗೆ ಕಟ್ಟಿಕೊಳ್ಳಲು ಒಂದು ಪಂಜೆಯ ತುಂಡು ಹರಿದುಕೊಟ್ಟ. ಮಕ್ಕಳಿಲ್ಲದ ಮನೆ, ಆ ಕೆಲಸ ಬೇಡವೆನ್ನುವವರೂ ಇರಲಿಲ್ಲ. ಕಡೆಯ ವಾರ ಹೊಸ ಮಾದರಿಯ ಗಾಡಿಗೆ ಹೊಸ ಸಾಚಾ ಬೇಕಾಗಿತ್ತು. ಗೋಡೆಗೆ ಒರಗಿಕೊಂಡೇ ಅದನ್ನು ಮುಗಿಸಿದಳು. ಕೈ ತೊಳೆಯುವಷ್ಟು ಉಸಿರು ಉಳಿಯಲಿಲ್ಲ. ದಿನದಿನದ ರೆಸಿನ್ನು ಬೆರಳ ಮೇಲೆ ಪದರ ಪದರವಾಗಿ ನಿಂತಿತು.

*

ಪಕ್ಕದ ಜೈನರ ಮನೆಯ ಜಿನಮತಿ ತನ್ನ ಹಿತ್ತಲ ಗೋಡೆಯ ಆಚೆ ನಿಂತು ಅಳುತ್ತಿದ್ದಳು. ಮಹಾರೋಗ ಎಂಬ ಮಾತು ಕಿವಿಗೆ ಬಿದ್ದಾಗ ಅಳು ನಿಂತಿತು. ಗಂಡಸರು ಕೂತಲ್ಲಿಗೆ ಎಂದೂ ಬಾರದವಳು ಸುತ್ತು ಹಾಕಿ ಇಮಾಮಸಾಬನ ಅಂಗಳಕ್ಕೇ ಬಂದು ನಿಂತಳು.

"ಇಮಾಮಭಾಯಿ, ನೀವ ಹೇಳ್ರಿ," ಎಂದಳು. "ನಾ ಹೇಳಿದ್ರ ಬಾಜೂ ಮನಿಯಾಕಿ ಮಾತಾಗತೈತಿ. ನೀವ ಹೇಳಬೇಕು."

ಎಲ್ಲರೂ ಇಮಾಮಸಾಬನತ್ತ ತಿರುಗಿದರು. ಅವನು ಭೀಮಗೊಂಡನನ್ನು ನೋಡಿದ, ಪರದೆಯನ್ನು ನೋಡಿದ, ಎದ್ದು ನಿಂತ.

"ರೋಗ ಅಲ್ಲ ಸಕೀನಾಆಪಾ. ಅದು ರೆಸಿನ್ನು. ಸಾಚಾ ನಾ ಮಾಡಿಲ್ಲ. ಒಂದೂ ಮಾಡಿಲ್ಲ. ಎಲ್ಲಾ ಆಕಿನ ಮಾಡಿದ್ದು."

ಭೀಮಗೊಂಡ ಬೀದಿಯಲ್ಲಿ ನಿಲ್ಲಿಸಿದ್ದ ತನ್ನ ಗಾಡಿಯತ್ತ ಒಮ್ಮೆ ನೋಡಿ, ತುಸು ಆಚೆ ಸರಿದು ಕೂತ. ಅವನು ಬೈದಿದ್ದರೆ ಇಮಾಮಸಾಬನಿಗೆ ಹಗುರಾಗುತ್ತಿತ್ತು.

ಪರದೆಯ ಆಚೆಯಿಂದ ಸಕೀನಾಬಿ ಕೇಳಿದಳು, "ದಿನಾ ಇದನ್ನ ಹೆಂಗ ತಗೀತಿದ್ಲು?"

ಏಳು ವರ್ಷ ಒಂದೇ ಸೂರಿನ ಕೆಳಗೆ ನಡೆದ ಕೆಲಸ. ಸಂಜೆ ಅವಳ ಕೈ ಹೇಗೆ ಹಸನಾಗುತ್ತಿತ್ತೆಂದು ಇಮಾಮಸಾಬನಿಗೆ ಗೊತ್ತಿರಲಿಲ್ಲ. ತಾನೇ ಬಂದು ಬಿಡಿಸುತ್ತೇನೆಂದು ಪರದೆಯತ್ತ ಹೆಜ್ಜೆ ಇಟ್ಟ.

"ನೋಡಬಹುದು, ಮುಟ್ಟಾಂಗಿಲ್ಲ," ಎಂದಳು ಸಕೀನಾಬಿ. "ಉಸಿರಿನ ಕೂಡ ನಿಕಾ ಮುಗೀತು, ಭಾಯಿ."

ಶೇಂಗಾ ಎಣ್ಣೆ ಬೆಚ್ಚಗೆ ಮಾಡಿ ಬೆರಳು ನೆನೆಸಬೇಕು, ಆಮೇಲೆ ಗೋಧಿಯ ತೌಡಿನಿಂದ ತಿಕ್ಕಬೇಕು ಎಂದು ಜಿನಮತಿಯೇ ಹೇಳಿದಳು. ದಿನವೂ ತನ್ನ ಹಿತ್ತಲ ಮೆಟ್ಟಿಲ ಮೇಲೆ ಕೂತು ಮೆಹರುಬಿ ಹಾಗೇ ಮಾಡುತ್ತಿದ್ದಳಂತೆ. ಕೆಲವು ಸಂಜೆ ಅವಳಿಗೆ ಕೈಯೆತ್ತಲಾಗದೆ, ಜಿನಮತಿಯೇ ತಿಕ್ಕಿಕೊಟ್ಟಿದ್ದಳಂತೆ. ಕಡೆಯ ವಾರ ಆ ಮೆಟ್ಟಿಲ ತನಕ ಬರಲೂ ಆಗಲಿಲ್ಲವಂತೆ.

"ಹಂಗಾರ ಒಳಗ ಬಾ," ಎಂದಳು ಸಕೀನಾಬಿ. "ಗುಸಲ್ ನಂದು. ಅದಕ್ಕಿಂತ ಮೊದಲಿಂದು ನಿಂದು."

ಹೆಣ ಮುಟ್ಟಿದರೆ ತಲೆಗೆ ನೀರು ಹಾಕಿಕೊಳ್ಳದೆ ಜಿನಮತಿ ಅಡಿಗೆಮನೆ ಸೇರುವಂತಿರಲಿಲ್ಲ. ಆದರೂ ಅವಳು ಮನೆಗೆ ಹೋಗಿ ಎಣ್ಣೆಯ ಬಟ್ಟಲು, ತೌಡು ತಂದು ಪರದೆಯೊಳಗೆ ಹೋದಳು. ಕೆಳಗಿಟ್ಟಿದ್ದ ತಂಬಿಗೆಯನ್ನು ಹಿಂದೆ ಸರಿದಿದ್ದ ಹೆಂಗಸು ಮತ್ತೆ ಕೈಗೆತ್ತಿಕೊಂಡಳು.

ತುಂಬ ಹೊತ್ತು ಹಿಡಿಯಿತು. ಮಧ್ಯಾಹ್ನದ ಜೋಹರ್ ಆಜಾನ್ ಆಯಿತು. ಒಳಗಿಂದ ನೀರು ಹೊಯ್ಯುವ ಸದ್ದು ಮತ್ತೆ ಶುರುವಾದಾಗ ಇಮಾಮಸಾಬ ಮೊದಲ ಬಾರಿಗೆ ಅತ್ತ.

ಕಫನ್‌ನ ಬಿಳಿ ಬಟ್ಟೆ ಹೊದಿಸಿ ಮುಗಿದ ಮೇಲೆ ಸಕೀನಾಬಿ ಹೊರಗೆ ಬಂದು ಅವನ ಅಂಗೈಯಲ್ಲಿ ಒಂದು ಕಾಗದದ ಪೊಟ್ಟಣ ಇಟ್ಟಳು. ಇದು ಆಕೆಯ ಮೈಯಲ್ಲ, ಮಣ್ಣಿಗೆ ಹಾಕುವಂತಿಲ್ಲ, ಬೇಕಾದರೆ ಇಟ್ಟುಕೋ, ಇಲ್ಲದಿದ್ದರೆ ಎಸೆ ಎಂದು ಹೇಳಿ ಹೋದಳು.

ಅವನು ಗ್ಯಾರೇಜಿನ ಗೋಡೆಯ ಮಗ್ಗುಲಿಗೆ ಹೋಗಿ ಬಿಚ್ಚಿದ. ಬೆರಳಿಂದ ಬಿಟ್ಟ ರೆಸಿನ್ನು, ಬಹಳಷ್ಟು ಒಡೆದ ಚೂರು. ಹೆಬ್ಬೆರಳಿನದು ಮಾತ್ರ ಇಡಿಯಾಗಿ ಬಂದಿತ್ತು. ಬೆಳಕಿಗೆ ಹಿಡಿದ. ಒಳಬದಿಯಲ್ಲಿ ಸುರುಳಿ ಸುರುಳಿಯಾಗಿ ಅವಳ ಬೆರಳಿನ ಗೆರೆಗಳು, ಒಂದೂ ಬಿಡದೆ ಮೂಡಿದ್ದವು. ನಡುವೆ ಅಡ್ಡಲಾಗಿ, ಎಂದೋ ಬೀಡಿಯ ಕತ್ತರಿ ತಾಗಿ ಮಾಗಿದ ಒಂದು ಗಾಯದ ಗುರುತು. ಆ ಗಾಯವನ್ನು ಅವನು ಎಂದೂ ನೋಡಿರಲಿಲ್ಲ.

ಜನಾಜಾ ಎತ್ತಲು ಹೆಗಲು ಕೊಡಬೇಕೆಂದು ಅಂಗಳದಿಂದ ಕರೆಯುತ್ತಿದ್ದರು. ಇಮಾಮಸಾಬ ತನ್ನ ಹೆಬ್ಬೆರಳನ್ನು ಅದರೊಳಗೆ ತೂರಿಸಿ ನೋಡಿದ. ಹೋಗಲಿಲ್ಲ. ಕಿರುಬೆರಳು ಇಟ್ಟ. ಹೋಯಿತು. ಒಳಗಿನ ಗೆರೆಗಳು ಅವನ ಚರ್ಮಕ್ಕೆ ತಾಗಿದವು. ಇನ್ನೊಮ್ಮೆ ಕರೆದರು. ಅವನು ಬೆರಳು ತೆಗೆಯಲಿಲ್ಲ.