ಹತ್ತಿರದ ಕರಡಿಗೆ ಯಾವ ತೋಟಾ

ಉಮಾನಾಥರಿಗೆ ಗಂಗಾಧರನ ಮೇಲೆ ಸಿಟ್ಟು ಶುರುವಾದದ್ದು ಮಾರ್ಚ್ ತಿಂಗಳ ಒಂದು ಭಾನುವಾರ, ಕ್ವಾಲಾಲಂಪುರದ ಬಾಂಗ್ಸಾರಿನ ತಮ್ಮ ಫ್ಲಾಟಿನಲ್ಲಿ. ಅವರ ಹೆಂಡತಿ ಮೋಹಿನಿ ಮಾಡಿದ ನೀರುದೋಸೆಯನ್ನು ಅವನು ಮೂರನೇ ಸಲ ಹಾಕಿಸಿಕೊಳ್ಳುತ್ತಿದ್ದ.

ಗಂಗಾಧರ ಕುಂದಾಪುರದ ಕಡೆಯವನು. ಆಸ್ಪತ್ರೆಗಳಿಗೆ ಸ್ಕ್ಯಾನಿಂಗ್ ಯಂತ್ರ ಮಾರುವ ವ್ಯಾಪಾರ, ಅದೇ ನಗರದ ಮಾಂಟ್ ಕಿಯಾರಾದಲ್ಲಿ ಮನೆ. ಅವನ ಹೆಂಡತಿ ಜಯಮಾಲಾ ಮತ್ತು ಮೋಹಿನಿ ಹತ್ತು ವರ್ಷದ ಗೆಳತಿಯರು. ಅವತ್ತು ಅವನು ಫೋನ್ ತೆಗೆದು ಅಲಾಸ್ಕಾದಿಂದ ಬಂದ ಇಮೇಲ್ ತೋರಿಸಿದ. ಮೇ ತಿಂಗಳಲ್ಲಿ ಅಲ್ಲಿ ಕಂದು ಕರಡಿಯ ಬೇಟೆಗೆ ಹೋಗುವುದೆಂದು ನಿಕ್ಕಿಯಾಗಿತ್ತು. ಪರವಾನಗಿ ಇರುವ ಬೇಟೆ, ಜೊತೆಗೊಬ್ಬ ಗೈಡ್. ಬಂದೂಕನ್ನು ಕ್ಯಾಂಪಿನವರೇ ಕೊಡುತ್ತಾರೆ, ಯಾವುದು ಬೇಕೆಂದು ಮೊದಲೇ ತಿಳಿಸಬೇಕು. ಇಮೇಲಿನಲ್ಲಿ ಮೂರು ತೋಟಾಗಳ ಹೆಸರಿತ್ತು: .375, .45-70, .458. ಕೆಳಗೊಂದು ಪ್ರಶ್ನೆ: ಇವುಗಳಲ್ಲಿ ಯಾವುದನ್ನು ನೀವು ಈ ಹಿಂದೆ ಹಾರಿಸಿದ್ದೀರಿ?

ಗಂಗಾಧರ ಯಾವುದನ್ನೂ ಹಾರಿಸಿರಲಿಲ್ಲ. ಮಲೇಷ್ಯಾದಲ್ಲಿ ಬಂದೂಕು ಕೈಗೆ ಸಿಗುವುದೇ ಕಷ್ಟ. ಶೂಟಿಂಗ್ ಕ್ಲಬ್ಬಿನಲ್ಲಿ ಒಂದೆರಡು ಸಲ ಸಣ್ಣ .22 ಬಂದೂಕು ಹಿಡಿದು ಕಾಗದದ ಗುರಿಗೆ ಹೊಡೆದಿದ್ದ, ಅಷ್ಟೆ. ಉಮಾನಾಥರ ಕತೆ ಬೇರೆ. ಕ್ವಾಲಾಲಂಪುರಕ್ಕೆ ಭೂವಿಜ್ಞಾನ ಪಾಠ ಮಾಡಲು ಬರುವ ಮೊದಲು ಅವರು ಎಂಟು ಬೇಸಿಗೆ ಕೆನಡಾದ ಯುಕಾನಿನಲ್ಲಿ, ಅದಿರು ಹುಡುಕುವ ಕ್ಯಾಂಪುಗಳಲ್ಲಿ ಕಳೆದವರು. ಅಲ್ಲಿ ಬಂದೂಕಿಲ್ಲದೆ ಡೇರೆಯಿಂದ ಹೊಳೆಯವರೆಗೂ ಯಾರೂ ಹೋಗುತ್ತಿರಲಿಲ್ಲ.

ಉಮಾನಾಥರು ತಟ್ಟೆ ಪಕ್ಕಕ್ಕಿಟ್ಟು ಬಿಡಿಸಿ ಹೇಳಿದರು. ಅಲ್ಲಿ ಕರಡಿ ಸಿಗುವುದು ಆಳೆತ್ತರದ ಪೊದೆಗಳ ನಡುವೆ, ಇಪ್ಪತ್ತು ಹೆಜ್ಜೆ ಹತ್ತಿರ ಬರುವ ತನಕ ಕಾಣುವುದೇ ಇಲ್ಲ. ಅಷ್ಟು ಹತ್ತಿರದಲ್ಲಿ ಗುಂಡು ಎಷ್ಟು ವೇಗವಾಗಿ ಹೋಗುತ್ತದೆ ಎನ್ನುವುದು ಮುಖ್ಯವಲ್ಲ. ಅದು ಭಾರವಾಗಿರಬೇಕು, ಗಟ್ಟಿಯಾಗಿರಬೇಕು, ಕೊಬ್ಬನ್ನೂ ಹೆಗಲ ಮೂಳೆಯನ್ನೂ ದಾಟಿ ಒಡೆಯದೆ ಎದೆಯೊಳಗೆ ಇಳಿಯಬೇಕು. ಆ ಕೆಲಸವನ್ನು ಮೂರೂ ಮಾಡುತ್ತವೆ. .45-70 ಹಳೇ ಕಾಲದ್ದು, ದಪ್ಪ ಗುಂಡು, ಗಿಡ್ಡ ಬಂದೂಕು, ಪೊದೆಯೊಳಗೆ ತಿರುಗಿಸಲು ಸಲೀಸು. ಆದರೆ ಪ್ರತಿ ಗುಂಡಿಗೂ ಅದರ ಲಿವರ್ ಎಳೆಯುವುದು ಕೈಗೆ ರೂಢಿಯಾಗಿರಬೇಕು. .458 ಆನೆ, ಕಾಡೆಮ್ಮೆಗೆಂದು ಮಾಡಿದ್ದು. ಅದು ಹೆಗಲಿಗೆ ಒದೆಯುವ ರೀತಿಗೆ, ಅಭ್ಯಾಸವಿಲ್ಲದವನು ಕುದುರೆ ಎಳೆಯುವ ಮೊದಲೇ ಹೆದರಿ ಕಣ್ಣು ಮುಚ್ಚುತ್ತಾನೆ. ಮೊದಲ ಗುಂಡು ಎಲ್ಲೋ ಹೋಗುತ್ತದೆ, ಎರಡನೆಯದು ಹೊಡೆಯಲು ಅವನು ಸುಧಾರಿಸಿಕೊಂಡಿರುವುದಿಲ್ಲ.

"ನೀನು .375 ತಗೋ, ಅದರ ಒದೆತ ಅಭ್ಯಾಸ ಮಾಡಿದರೆ ತಡೆಯಬಹುದು," ಎಂದರು. "ಯಾವುದನ್ನೂ ಹಾರಿಸಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಬರಿ. ಮೂರು ದಿನ ಮುಂಚೆ ಹೋಗಿ ಅಲ್ಲೇ ಅಭ್ಯಾಸ ಮಾಡು. ಕಣ್ಣು ಮುಚ್ಚದೆ ಎರಡನೇ ಗುಂಡು ಹೊಡೆಯೋಕೆ ಬಂದರೆ ಮಾತ್ರ ಪೊದೆಯೊಳಗೆ ಕಾಲಿಡು. ಯಾಕೆಂದರೆ ಗಾಯಗೊಂಡ ಕರಡಿಯ ಹಿಂದೆ ಹೋಗಬೇಕಾದವನು ನೀನಲ್ಲ, ನಿನ್ನ ಗೈಡು."

ಗಂಗಾಧರ ಎಲ್ಲ ಕೇಳಿಸಿಕೊಂಡ. ಆಮೇಲೆ, ದೊಡ್ಡದು ಇರುವಾಗ ಸಣ್ಣದು ಯಾಕೆ ಎಂದು ನಕ್ಕು, ಅಲ್ಲೇ ಕೂತು .458 ಎಂದು ಟೈಪ್ ಮಾಡಿದ. ಹಿಂದೆ ಹಾರಿಸಿದ್ದೀರಾ ಎಂಬಲ್ಲಿ, ಆಫ್ರಿಕಾದಲ್ಲಿ ಎರಡು ಸಲ ಎಂದು ಬರೆದ. ಉಮಾನಾಥರು ಅದನ್ನು ಕಣ್ಣಾರೆ ಕಂಡರು. ಇದೇನು ಮಾರಾಯ ಎಂದು ಕೇಳಿದರು. ಫಾರ್ಮಾಲಿಟಿ ಲಾ, ಯಾರು ನೋಡ್ತಾರೆ ಎಂದ ಗಂಗಾಧರ, ಮಲೇಷ್ಯಾದವರ ಧಾಟಿಯಲ್ಲಿ. ಉಮಾನಾಥರ ಬಾಯಿ ತುದಿಗೆ ಬಂದದ್ದನ್ನು ಮೋಹಿನಿಯ ನೋಟ ತಡೆಯಿತು. ಅವರು ಎದ್ದು ಕೈ ತೊಳೆದರು. ಕ್ಯಾಂಪಿನ ವಿಳಾಸ ಅವರ ಕಣ್ಣೆದುರೇ ಇತ್ತು. ಎರಡು ಸಾಲು ಬರೆದು ಎಚ್ಚರಿಸಬಹುದಿತ್ತು. ಬರೆಯಲಿಲ್ಲ.

ಜೂನಿನಲ್ಲಿ ಗಂಗಾಧರ ತನ್ನ ಮನೆಗೆ ಹತ್ತು ಹನ್ನೆರಡು ಜನರನ್ನು ಊಟಕ್ಕೆ ಕರೆದ. ಕರಡಿ ಬೇಟೆಯ ಕತೆ ಹೇಳುವುದಕ್ಕೆಂದೇ ಕರೆದದ್ದು. ದೊಡ್ಡ ಟಿವಿಯಲ್ಲಿ ಫೋಟೋ ಹಾಕಿದ. ಸತ್ತ ಕರಡಿಯ ಹಿಂದೆ ಮಂಡಿಯೂರಿ, ಕೈಯಲ್ಲಿ ಬಂದೂಕು ಹಿಡಿದು ಕೂತಿದ್ದ. ಅವನ ಹೇಳಿಕೆಯ ಪ್ರಕಾರ, ಅವನು ಹೊಡೆದ, ಕರಡಿ ಬಿತ್ತು, ಆಮೇಲೆ ಎದ್ದು ಪೊದೆಗೆ ನುಗ್ಗಿತು. ಗೈಡ್ ಅವಸರ ಮಾಡಿ ಹಿಂದೆ ಹೋಗಿ ಕಚ್ಚಿಸಿಕೊಂಡ. ಬದುಕಿದ್ದೇ ಪುಣ್ಯ. ಹೆಲಿಕಾಪ್ಟರ್ ಬಂದು ಅವನನ್ನು ಹೊತ್ತುಕೊಂಡು ಹೋದದ್ದನ್ನು ಗಂಗಾಧರ ಕೈ ತಿರುಗಿಸಿ ತೋರಿಸಿದ. ಒಂದಿಬ್ಬರು ನಕ್ಕರು.

ಅಲ್ಲಿದ್ದ ಇಸಾಕ್ ಮೂಳೆ ಡಾಕ್ಟರು, ಭಟ್ಕಳದವರು. ಗೈಡಿಗೆ ಎಲ್ಲೆಲ್ಲಿ ಗಾಯವಾಯಿತು ಎಂದು ಅವರು ಕೇಳಿದರು. ಬಲಗೈ ಅನ್ನಿಸುತ್ತೆ, ಮುಖವೂ ಸ್ವಲ್ಪ ಎಂದ ಗಂಗಾಧರ.

ಉಮಾನಾಥರು, ನಿನ್ನ ಮೊದಲ ಗುಂಡು ಎಲ್ಲಿ ಬಿತ್ತು ಎಂದು ಕೇಳಿದರು. ಸ್ವಲ್ಪ ಹಿಂದಕ್ಕೆ ಎಂದ. ಹೊಟ್ಟೆಗಾ ಎಂದು ಕೇಳಿದರು. ಹೌದೆಂದ. ಎರಡನೆಯದು? ಎರಡನೆಯದು ಹೊಡೆಯಲು ಸಮಯ ಸಿಗಲಿಲ್ಲವಂತೆ. ಹಾಗಾದರೆ ಕರಡಿಯನ್ನು ಕೊಂದವರು ಯಾರು? ಗಂಗಾಧರ ಟಿವಿಯ ಕಡೆ ತಿರುಗಿ, ಗೈಡು ನೆಲಕ್ಕೆ ಬಿದ್ದಲ್ಲಿಂದಲೇ ತನ್ನ .45-70ರಿಂದ ಹೊಡೆದ ಎಂದ.

"ಆ ಗೈಡಿನ ಹೆಸರೇನು?" ಎಂದರು ಉಮಾನಾಥರು.

ಗಂಗಾಧರನಿಗೆ ತಕ್ಷಣ ನೆನಪಾಗಲಿಲ್ಲ. ವಾಲ್ಟರೋ ಏನೋ ಎಂದ. ಒಂಬತ್ತು ದಿನ ಒಂದೇ ಡೇರೆಯಲ್ಲಿ ಮಲಗಿದ್ದವನ ಹೆಸರು. ಉಮಾನಾಥರು ಊಟದ ತಟ್ಟೆಯನ್ನು ಮೇಜಿನ ಮೇಲಿಟ್ಟು, ಜಯಮಾಲಾಳಿಗೆ ಮಾತ್ರ ಹೇಳಿ ಹೊರಟುಬಿಟ್ಟರು. ಕಾರಿನಲ್ಲಿ ಮೋಹಿನಿ, ಹತ್ತು ಜನರ ಎದುರು ಹಾಗೆ ಮಾಡಬಾರದಿತ್ತು ಎಂದಳು. ಮಾರ್ಚಿನಲ್ಲೇ ಮಾಡಬೇಕಿತ್ತು ಎಂದರು ಉಮಾನಾಥರು.

ಅಷ್ಟಕ್ಕೇ ಮುಗಿದಿದ್ದರೆ ಉಮಾನಾಥರು ಸಿಟ್ಟನ್ನು ನುಂಗಿಕೊಳ್ಳುತ್ತಿದ್ದರೇನೋ. ಹತ್ತು ದಿನ ಕಳೆದು ಗಂಗಾಧರ ಕಾಲೇಜಿಗೇ ಬಂದ. ಕೋಣೆಯ ಬಾಗಿಲು ಹಾಕಿ ಒಂದು ಕಾಗದ ಮುಂದಿಟ್ಟ. ಅಲಾಸ್ಕಾದಲ್ಲಿ ವಿಚಾರಣೆ ಶುರುವಾಗಿತ್ತು. ಬೇಟೆಗಾರ ತನ್ನ ಅನುಭವದ ಬಗ್ಗೆ ಸುಳ್ಳು ಹೇಳಿದ್ದ ಎಂದು ಕ್ಯಾಂಪಿನವರು ಬರೆದುಕೊಟ್ಟಿದ್ದರು. ಅದು ದಾಖಲಾದರೆ ಗಂಗಾಧರನಿಗೆ ಇನ್ನು ಮುಂದೆ ಯಾವ ದೇಶದಲ್ಲೂ ಬೇಟೆಯ ಪರವಾನಗಿ ಸಿಗುವುದು ಕಷ್ಟ. ಅದಕ್ಕೆ ಅವನು ಎದುರು ಹೇಳಿಕೆ ತಯಾರಿಸಿಕೊಂಡು ಬಂದಿದ್ದ. .458 ತಾನಾಗಿ ಆರಿಸಿದ್ದಲ್ಲ, ವಾಲ್ಟರನೇ ಫೋನಿನಲ್ಲಿ ಒತ್ತಾಯ ಮಾಡಿ ಇಮೇಲಿನಲ್ಲಿ ಹಾಗೆ ಬರೆಸಿದ್ದು, ಹತ್ತಿರದ ಕರಡಿಗೆ ಅದು ತಕ್ಕ ತೋಟಾ ಅಲ್ಲವೇ ಅಲ್ಲ, ತಪ್ಪು ಗೈಡಿನದ್ದು. ಕೆಳಗೆ, ಯುಕಾನಿನಲ್ಲಿ ಎಂಟು ವರ್ಷದ ಅನುಭವವಿರುವ ತಜ್ಞರೆಂದು ಉಮಾನಾಥರ ಹೆಸರು. ಸಹಿಗೆ ಜಾಗ ಬಿಟ್ಟಿತ್ತು.

"ತೋಟಾ ಸರಿಯಿಲ್ಲ ಅಂತ ನೀವೇ ಹೇಳಿದ್ದಲ್ವಾ ಅಣ್ಣ," ಎಂದ ಗಂಗಾಧರ. "ಅಷ್ಟನ್ನೇ ಬರೆದಿದ್ದೇನೆ. ಅವನಿಗೆ ಹೇಗೂ ಇನ್ನು ಗೈಡ್ ಕೆಲಸ ಮಾಡೋಕೆ ಆಗಲ್ಲ. ಅವನಿಗೇನು ನಷ್ಟ?"

ಉಮಾನಾಥರು ಕಾಗದವನ್ನು ಎರಡು ಸಲ ಓದಿದರು. ಇಂಥದೇ ಇನ್ನೊಂದು ಕಾಗದ ಅವರಿಗೆ ಗೊತ್ತಿತ್ತು. ಆ ವಿಷಯವನ್ನು ಅವರು ಮೋಹಿನಿಗೂ ಹೇಳಿರಲಿಲ್ಲ.

ಯುಕಾನಿನ ಅವರ ಕೊನೆಯ ಬೇಸಿಗೆ. ಕ್ಯಾಂಪಿಗೆ ಅವರೇ ಮುಖ್ಯಸ್ಥರು. ಕರಡಿ ಕಾವಲಿಗೆ ಗಾರ್ಡನ್ ಎಂಬ ಸ್ಥಳೀಯನಿದ್ದ. ಆ ವರ್ಷ ತೋಟಾ ತರಿಸಿದವರು ಉಮಾನಾಥರು. ದೂರದ ಜಿಂಕೆಗೆ ಹೊಡೆಯುವಂಥದು, ಹಗುರ ಗುಂಡು, ಬಲು ವೇಗ. ಇದು ಕರಡಿಗೆ ಆಗುವುದಿಲ್ಲ, ಭಾರದ ಗುಂಡು ತರಿಸಿ ಎಂದು ಗಾರ್ಡನ್ ಎರಡು ಸಲ ಹೇಳಿದ್ದ. ನೋಡೋಣ ಎಂದಿದ್ದರು. ಆಗಸ್ಟಿನಲ್ಲಿ ಕರಡಿ ಅಡುಗೆ ಡೇರೆಗೆ ನುಗ್ಗಿತು. ಗಾರ್ಡನ್ ಹದಿನೈದು ಹೆಜ್ಜೆ ದೂರದಿಂದ ಹೆಗಲಿಗೇ ಹೊಡೆದ. ಗುಂಡು ಹೊರಗಿನ ಮಾಂಸದಲ್ಲೇ ಪುಡಿಯಾಯಿತು, ಒಳಗೆ ಇಳಿಯಲೇ ಇಲ್ಲ. ಕರಡಿ ಅವನ ಎಡಗೈಯನ್ನು ಅಗಿದು ಹಾಕಿತು. ಕಂಪನಿಯವರು ವರದಿಯಲ್ಲಿ, ಕಾವಲುಗಾರನ ಗುರಿ ತಪ್ಪಿತು ಎಂದು ಬರೆದರು. ಉಮಾನಾಥರು ಅದರ ಕೆಳಗೆ ಸಹಿ ಹಾಕಿದರು. ಗಾರ್ಡನ್‌ಗೆ ಮತ್ತೆ ಯಾರೂ ಕಾವಲು ಕೆಲಸ ಕೊಡಲಿಲ್ಲ. ಮುಂದಿನ ವರ್ಷ ಉಮಾನಾಥರು ಮಲೇಷ್ಯಾಕ್ಕೆ ಬಂದರು.

ಅವರು ಕುರ್ಚಿಯಿಂದ ಎದ್ದರು. ದನಿ ಏರಿಸಲಿಲ್ಲ.

"ತೋಟಾ ಸರಿಯಿಲ್ಲ ಅಂತ ನಾನು ಹೇಳಲಿಲ್ಲ, ಗಂಗಾಧರ. ಆ ತೋಟಾಕ್ಕೆ ನೀನು ಸರಿಯಿಲ್ಲ ಅಂದೆ. ನೀನು ಸುಳ್ಳು ಬರೆದದ್ದನ್ನು ನನ್ನ ಮನೆಯಲ್ಲಿ, ನನ್ನ ಪಕ್ಕದಲ್ಲಿ ಕೂತು ಬರೆದೆ. ನಾನು ನೋಡಿಯೂ ಸುಮ್ಮನಿದ್ದೆ. ಹೊಟ್ಟೆಗೆ ಗುಂಡು ಹೊಡೆದು ನೀನು ನಿಂತಲ್ಲೇ ನಿಂತೆ, ಆ ಮನುಷ್ಯ ನಿನ್ನ ಕೆಲಸ ಮುಗಿಸೋಕೆ ಪೊದೆಯೊಳಗೆ ಹೋದ. ಈಗ ಅವನ ಹೆಸರನ್ನೂ ತಿನ್ನಬೇಕಾ ನಿನಗೆ?"

ಗಂಗಾಧರ ಮೊದಲು ಸಮಾಧಾನದ ಮಾತಾಡಿದ, ಆಮೇಲೆ ಗೆಳೆತನದ್ದು, ಕೊನೆಗೆ ಬೆದರಿಕೆಯ ದನಿಯಲ್ಲಿ, ನಮ್ಮ ಜನ ಇರುವುದೇ ನಾಲ್ಕು ಮನೆ, ಯೋಚನೆ ಮಾಡಿ ಎಂದ. ಉಮಾನಾಥರು ಬಾಗಿಲು ತೆಗೆದು ನಿಂತರು. ಅವನು ಹೋಗುವಾಗ ಕಾಗದ ಕೇಳಿದ. ಕೊಡಲಿಲ್ಲ.

ಅವತ್ತೇ ಮಧ್ಯಾಹ್ನ ಅವರು ಅಲಾಸ್ಕಾದ ಕ್ಯಾಂಪಿಗೆ ಬರೆದರು. ಮಾರ್ಚಿನಲ್ಲಿ ಏನಾಯಿತು, ಗಂಗಾಧರ ಯಾವ ತೋಟಾ ಆರಿಸಿದ, ಯಾರು ಬೇಡವೆಂದರು, ಯಾರು ನೋಡಿಯೂ ತಿಳಿಸದೆ ಬಿಟ್ಟರು, ಎಲ್ಲವನ್ನೂ. ಗಂಗಾಧರನ ಕಾಗದದ ಪ್ರತಿಯನ್ನೂ ಜೊತೆಗಿಟ್ಟರು. ಸಂಜೆ ಮೋಹಿನಿಗೆ ಗಾರ್ಡನ್‌ನ ವಿಷಯ ಹೇಳಿದರು.

"ಗಂಗಾಧರನ ಮೇಲೆ ಇಷ್ಟು ಸಿಟ್ಟಾಗ್ತೀರಲ್ಲ," ಎಂದಳು ಅವಳು. "ನೀವು ಮಾಡಿದ್ದಕ್ಕೆ ಯಾರು ಸಿಟ್ಟಾಗಬೇಕು?"

ಉಮಾನಾಥರಿಗೆ ಅವಳ ಮೇಲೂ ಒಂದು ಕ್ಷಣ ಸಿಟ್ಟು ಬಂತು, ಅವಳು ಹೇಳಿದ್ದು ನಿಜವಾದ್ದರಿಂದ.

ವಿಚಾರಣೆಯಲ್ಲಿ ವಾಲ್ಟರ್ ಮೇಲೆ ತಪ್ಪು ಬರಲಿಲ್ಲ. ಬಲಗೈಯ ಎರಡು ಬೆರಳು ಹೋಗಿವೆ, ಕೆನ್ನೆಗೆ ಇನ್ನೊಂದು ಆಪರೇಷನ್ ಇದೆ ಎಂದು ಕ್ಯಾಂಪಿನವರು ತಿಳಿಸಿದರು. ಗಂಗಾಧರನನ್ನು ಇನ್ನೆಂದೂ ಸೇರಿಸುವುದಿಲ್ಲವೆಂದೂ ಬರೆದಿದ್ದರು. ಉಮಾನಾಥರು ಹೊಟ್ಟೆಕಿಚ್ಚಿನಿಂದ ತನ್ನ ಹೆಸರು ಕೆಡಿಸಿದರು ಎಂದು ಗಂಗಾಧರ ಎಲ್ಲರಿಗೂ ಹೇಳಿಕೊಂಡು ಬಂದ. ಕೆಲವರು ನಂಬಿದರು. ಜಯಮಾಲಾ ಮೋಹಿನಿಯ ಫೋನ್ ಎತ್ತುವುದನ್ನು ನಿಲ್ಲಿಸಿದಳು. ಗಣೇಶ ಚೌತಿಯ ಊಟಕ್ಕೆ ಗಂಡಹೆಂಡಿರನ್ನು ಯಾರೂ ಕರೆಯಲಿಲ್ಲ. ಇಸಾಕ್ ಮಾತ್ರ ಒಂದು ದಿನ ಉಮಾನಾಥರನ್ನು ತಮಿಳು ಮುಸ್ಲಿಮರ ಮಾಮಕ್ ಹೋಟೆಲಿಗೆ ಕರೆದುಕೊಂಡು ಹೋಗಿ, ಟೀ ಕುಡಿಸಿ, ಆ ವಿಷಯವೊಂದನ್ನು ಬಿಟ್ಟು ಬೇರೆಲ್ಲ ಮಾತಾಡಿದರು.

ಗಾರ್ಡನ್‌ನ ವಿಳಾಸ ಹುಡುಕಲು ಎರಡು ತಿಂಗಳು ಹಿಡಿಯಿತು. ಉಮಾನಾಥರು ಪತ್ರ ಬರೆದರು. ತೋಟಾ ತರಿಸಿದ್ದು ನಾನು, ನಿನ್ನ ಗುರಿ ಸರಿಯಾಗಿಯೇ ಇತ್ತು, ನಾನು ಸಹಿ ಹಾಕಿದ್ದು ಸುಳ್ಳಿಗೆ. ಹಾಗೆ ಬರೆದರೆ ಮನಸ್ಸು ಹಗುರವಾಗಬಹುದೆಂಬ ಆಸೆ ಒಳಗೆಲ್ಲೋ ಇತ್ತು. ಉತ್ತರ ಬಂದದ್ದು ನಾಲ್ಕು ಸಾಲು. ನನ್ನ ಗುರಿ ಸರಿಯಿತ್ತೆಂದು ನನಗೆ ನೀನು ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷ ನನ್ನ ಮಕ್ಕಳು ಊರವರ ಬಾಯಲ್ಲಿ ಬೇರೆ ಕೇಳಿ ಬೆಳೆದರು. ಕ್ಷಮೆ ನನಗೆ ಕಳಿಸಬೇಡ. ನಿಜವನ್ನು ಯಾರಿಗೆ ಕಳಿಸಬೇಕೋ ಅವರಿಗೆ ಕಳಿಸು.

ಉಮಾನಾಥರು ಅದನ್ನು ಮೋಹಿನಿಗೆ ಕೊಟ್ಟರು. ಅವಳು ಓದಿ, ಸರಿಯಾಗೇ ಬರೆದಿದ್ದಾನೆ ಎಂದು ವಾಪಸು ಕೊಟ್ಟಳು.

ಮರುದಿನ ಅವರು ಕಾಲೇಜಿಗೆ ರಜೆ ಹಾಕಿ, ವಕೀಲರ ಎದುರು ಪ್ರಮಾಣ ಮಾಡಿ ಹೇಳಿಕೆ ಬರೆಸಿದರು. ಅದರ ಒಂದು ಪ್ರತಿಯನ್ನು ಹಳೆಯ ಕಂಪನಿಗೆ, ಇನ್ನೊಂದನ್ನು ಯುಕಾನಿನ ಸರಕಾರಿ ಕಚೇರಿಗೆ, ಮೂರನೆಯದನ್ನು ಗಾರ್ಡನ್‌ನ ಊರಿನ ಪತ್ರಿಕೆಗೆ ಕಳಿಸಿದರು. ಪೋಸ್ಟಾಫೀಸಿನ ಸಾಲಿನಲ್ಲಿ ನಿಂತಿದ್ದಾಗಲೂ ಅವರಿಗೆ ಸಿಟ್ಟು ಇಳಿದಿರಲಿಲ್ಲ. ಗಂಗಾಧರನ ಮುಖ ನೆನಪಾದರೆ ಈಗಲೂ ಕಪಾಳಕ್ಕೆ ಬಾರಿಸಬೇಕೆನ್ನಿಸುತ್ತಿತ್ತು. ಆದರೆ ಆ ಸಿಟ್ಟಿನಲ್ಲಿ ಅವನ ಪಾಲು ಎಷ್ಟು, ತನ್ನ ಪಾಲು ಎಷ್ಟು ಎನ್ನುವುದು ಅವರಿಗೆ ಗೊತ್ತಾಗಿತ್ತು. ಕೌಂಟರಿನ ಹುಡುಗಿ ಮೂರು ಲಕೋಟೆ ತೂಗಿ, ರಿಜಿಸ್ಟರ್ ಮಾಡಬೇಕಾ ಎಂದು ಮಲಯ ಭಾಷೆಯಲ್ಲಿ ಕೇಳಿದಳು. ಮೂರನ್ನೂ ಮಾಡಿ ಎಂದರು ಉಮಾನಾಥರು.