ದೇವರ ಡಿಪಾರ್ಟ್‌ಮೆಂಟು

ಸುತ್ತಿಗೆಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಸುತ್ತಿಗೆ ಎನ್ನುವುದು ಅಡ್ಡಹೆಸರು; ಅದು ಹೇಗೆ ಬಂತೆಂಬುದಕ್ಕೆ ಊರಿನ ಎಷ್ಟೋ ಜನರ ಮೈಮೇಲೆ ಗುರುತಿತ್ತು. ಜೈಲಿನಲ್ಲಿ ಅವನಿಗೆ ದೇವರು ಸಿಕ್ಕಿದ. ದೇವರಿಗೂ ಆ ಹೊತ್ತಿನಲ್ಲಿ ಬೇರೆ ಕೆಲಸವಿರಲಿಲ್ಲವೆಂದು ಕಾಣುತ್ತದೆ, ನಿಂತ ನಿಲುವಿನಲ್ಲೇ ಎಲ್ಲವನ್ನೂ ಕ್ಷಮಿಸಿಬಿಟ್ಟ. ಬಿಡುಗಡೆಯಾದ ಮೇಲೆ ಸುತ್ತಿಗೆ ಪ್ರಾರ್ಥನಾ ಸಭೆಯಲ್ಲಿ ನಿಂತು ತನ್ನ ಪಾಪಗಳನ್ನು ಜನರಿಗೆ ಹೇಳಬೇಕಿತ್ತು. ಪಾಪಗಳಿಗೇನೂ ಬರವಿರಲಿಲ್ಲ, ಹಲ್ಲಿಗೆ ಬರ. ಅದಕ್ಕೇ ಹಲ್ಲುಸೆಟ್ಟು ಕಟ್ಟುವವಳ ಅಂಗಡಿಗೆ ಬಂದಿದ್ದ.

ಅವಳು ನೋಡಿದೊಡನೆ ಗುರುತು ಹಿಡಿದಳು. ವ್ಯಾನು ಓಡಿಸುತ್ತಿದ್ದ ಅವಳ ಅಣ್ಣನ ಮುಖಕ್ಕೆ ರಾಡಿನಿಂದ ಬಾರಿಸಿದವನು ಇವನೇ. ಅಣ್ಣ ಈಗ ಪರದೆಯ ಹಿಂದೆ ಕೂತು ಅಚ್ಚಿಗೆ ಪ್ಲಾಸ್ಟರ್ ಕಲಸುತ್ತಾನೆ. ಇವನು ಒಂದೇ ಒಂದು ಸಲ ಅಣ್ಣನ ಗುರುತು ಹಿಡಿದರೆ ಸಾಕಿತ್ತು ಅವಳಿಗೆ.

"ದೇವರು ಎಲ್ಲಾ ಕ್ಷಮಿಸ್ಬಿಟ್ಟ ತಾಯಿ," ಎಂದ ಸುತ್ತಿಗೆ.

"ಎಲ್ಲಾ ಅಂದ್ರೆ?"

"ಎಲ್ಲಾನೂ. ಏನೇನು ಅಂತ ಕೇಳ್ಲೂ ಇಲ್ಲ."

"ದೊಡ್ಡ ಮನಸ್ಸು. ಏಟು ತಿಂದವನು ಅವನಲ್ವಲ್ಲ. ಬಾಯಿ ತೆಗೀರಿ."

ಅಚ್ಚಿನ ಪೇಸ್ಟು ತುಂಬಿದ ತಟ್ಟೆಯನ್ನು ಅವನ ವಸಡಿಗೆ ಒತ್ತಿ ಹಿಡಿದಳು. ಪೇಸ್ಟು ಗಟ್ಟಿಯಾಗುವವರೆಗೆ ಅವನು ಮಾತಾಡುವಂತಿಲ್ಲ. ಅವಳು ಮಾತಾಡಿದಳು. ವ್ಯಾನ್ ಸ್ಟ್ಯಾಂಡು, ಮಾಮೂಲು ಕೊಡೋದಿಲ್ಲ ಎಂದ ಡ್ರೈವರು, ರಾಡು, ಆಸ್ಪತ್ರೆ, ಒಂದೂ ಬಿಡಲಿಲ್ಲ. ಸುತ್ತಿಗೆಯ ಕಣ್ಣಲ್ಲಿ ನೀರು ಇಳಿಯಿತು. ಅವಳ ಕೈ ಸಡಿಲವಾಯಿತು. ಅವನು ತಟ್ಟೆಯನ್ನು ಬಾಯಿಂದ ಕಿತ್ತು ತೆಗೆದು ಕೆಮ್ಮಿದ.

"ಗಂಟಲಿಗೆ ಇಳೀತು ತಾಯಿ, ಅದಕ್ಕೆ ಕಣ್ಣಲ್ಲಿ ನೀರು." ಬಾಯಿ ಮುಕ್ಕಳಿಸಿ ಕೇಳಿದ, "ಯಾವ ಡ್ರೈವರು? ನಾನು ತುಂಬಾ ಜನಕ್ಕೆ ಹೊಡ್ದಿದೀನಿ."

"ಎದ್ದು ಹೋಗು. ದೇವರ ಹತ್ರಾನೇ ಹಲ್ಲು ಕೇಳು."

ಪರದೆ ಸರಿಸಿ ಅಣ್ಣ ಬಂದ. ಬಗ್ಗಿ ತನ್ನ ಮುಖವನ್ನು ಅವನ ಮುಖದೆದುರು ಹಿಡಿದ. "ನೋಡು."

ಸುತ್ತಿಗೆ ಬಹಳ ಹೊತ್ತು ನೋಡಿದ. "ಇಲ್ಲಣ್ಣ. ನೆನಪಿದೆ ಅಂತ ಬೇಕಾದ್ರೆ ಸುಳ್ಳು ಹೇಳ್ತೀನಿ."

"ಬೇಡ ಬಿಡು." ಅಣ್ಣ ಅವಳ ಕಡೆ ತಿರುಗಿದ. "ಪೇಸ್ಟು ಇನ್ನೊಂದ್ಸಲ ಕಲಸೇ."

"ಕ್ಷಮಿಸ್ಬಿಟ್ಯಾ ಇವನ್ನ?"

"ನಾನ್ಯಾಕೆ ಕ್ಷಮಿಸ್ಲಿ? ಅದು ದೇವರ ಡಿಪಾರ್ಟ್‌ಮೆಂಟು. ನಮ್ದು ಹಲ್ಲು. ಕಟ್ಟಿಕೊಡು, ಸಭೇಲಿ ಎಲ್ರೆದುರು ಬಾಯ್ಬಿಡ್ಲಿ."

ಅವನು ಹಲ್ಲು ಕಿರಿದು ತೋರಿಸುವಷ್ಟು ಚೆನ್ನಾಗಿಯೇ ಅವಳು ಕಟ್ಟಿದಳು. ಸಭೆಯ ದಿನ ಇಬ್ಬರೂ ಹೋಗಿ ಮೂಲೆಯಲ್ಲಿ ಕೂತರು. ಸುತ್ತಿಗೆಯ ಒಂದೊಂದು ಅಕ್ಷರವೂ ಹಿಂದಿನ ಸಾಲಿನವರೆಗೆ ಮುಟ್ಟುತ್ತಿತ್ತು. ಪಾಪ ದೊಡ್ಡದಾದಷ್ಟೂ ಚಪ್ಪಾಳೆ ಜೋರು. ಕೊನೆಗೆ ಎಂದ, "ಒಬ್ಬ ಡ್ರೈವರ್ ಇದಾನೆ. ಅವನ ಮುಖ ನಾನೇ ಕೆಡಿಸಿದ್ದಂತೆ, ನನಗೆ ನೆನಪೂ ಇಲ್ಲ. ನೆನಪಿಲ್ಲದ್ದನ್ನೂ ಕ್ಷಮಿಸಿದಾನೆ ದೇವರು."

ಸಭೆ ಎದ್ದು ನಿಂತಿತು. ಅಣ್ಣನ ಪಕ್ಕದಲ್ಲಿದ್ದ ಮುದುಕಿ ಅವನ ತೊಡೆ ತಟ್ಟಿ, "ಎಂಥಾ ಕರುಣೆ ನೋಡಪ್ಪಾ," ಎಂದು ಕಣ್ಣೊರೆಸಿಕೊಂಡಳು. ಅವನ ಮುಖವನ್ನು ಯಾರೂ ನೋಡಲಿಲ್ಲ.

ಆ ರಾಡಿನ ಏಟಿಗೆ ಅಣ್ಣ ಕಳೆದುಕೊಂಡದ್ದು ಒಂದು ಕಣ್ಣು, ಒಂದು ಲೈಸೆನ್ಸು, ಒಂದು ವ್ಯಾನು, ಗೊತ್ತಾಗಿದ್ದ ಒಂದು ಮದುವೆ.