ಕಾಲರ್ ಲೈನಿನ ಮುಯ್ಯಾಳು

ಚಪ್ಪಾಳೆ ನಿಂತ ಮೇಲೂ ಪಲ್ಲವಿ ನಗುತ್ತಲೇ ನಿಂತಿದ್ದಳು. ನಗು ನಿಲ್ಲಿಸುವುದು ಹೇಗೆಂದು ಎಂಬಿಎಯಲ್ಲಿ ಹೇಳಿಕೊಟ್ಟಿರಲಿಲ್ಲ.

ನಂಜನಗೂಡಿನ ಈ ಶರ್ಟ್ ಫ್ಯಾಕ್ಟರಿಯಲ್ಲಿ ಅವಳ ಇಂಟರ್ನ್‌ಶಿಪ್. ಮಹಿಳಾ ಅಧ್ಯಯನವನ್ನೂ ಐಚ್ಛಿಕವಾಗಿ ತೆಗೆದುಕೊಂಡಿದ್ದರಿಂದ ಒಂದೇ ಪ್ರೆಸೆಂಟೇಶನ್ ಎರಡೂ ಕಡೆ ನಡೆಯುತ್ತಿತ್ತು. ಇಲ್ಲಿ ಉತ್ಪಾದಕತೆ, ಕಾಲೇಜಿನಲ್ಲಿ ಸ್ತ್ರೀಶಕ್ತಿ. ಶೀರ್ಷಿಕೆ ಬದಲಿಸಿದರೆ ಸಾಕು.

ಇವತ್ತು ಅವಳು ಹೇಳಿದ್ದು ಕಾಲರ್ ಹೊಲಿಯುವ ಹೆಂಗಸರ ಮುಯ್ಯಾಳಿನ ವಿಷಯ. ಊರಲ್ಲಿ ನಾಟಿ ಸಮಯಕ್ಕೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮದಕ್ಕೆ ನೀವು ಎನ್ನುತ್ತಾರಲ್ಲ, ಅದನ್ನೇ ಇವರು ಮಿಷನ್ನಿನ ಮುಂದೆಯೂ ನಡೆಸಿದ್ದರು. ಹೆಮ್ಮಿಗೆಯ ಸುನೀತಾ ತುಂಬು ಬಸುರಿ, ಕೈ ನಿಧಾನ. ಹೆರಿಗೆ ರಜೆ ಹತ್ತಿರದಲ್ಲೇ ಇತ್ತು. ಅಷ್ಟರೊಳಗೆ ಟಾರ್ಗೆಟ್ ತಪ್ಪಿ ಕೆಲಸ ಹೋದರೆ ರಜೆಯ ಸಂಬಳವೂ ಹೋಗುತ್ತಿತ್ತು. ಹಾಗಾಗಿ ಸೂಪರ್‌ವೈಸರ್ ಅತ್ತ ತಿರುಗಿದಾಗ ಅಕ್ಕಪಕ್ಕದವರು ತಾವು ಹೊಲಿದ ಒಂದೆರಡು ಕಾಲರನ್ನು ಅವಳ ಡಬ್ಬಕ್ಕೆ ಹಾಕುತ್ತಿದ್ದರು.

ಇದನ್ನು ಕಂಡ ದಿನ ಪಲ್ಲವಿಯ ಕಣ್ಣು ಒದ್ದೆಯಾಗಿತ್ತು. ಒರೆಸಿಕೊಂಡು, ಕಾಲೇಜಿಗೆ ಮಾತ್ರ ಎಂದು ಹೇಳಿ, ಫೋಟೋ ತೆಗೆದಿದ್ದಳು.

ಮ್ಯಾನೇಜರ್ ಕೃಷ್ಣಕುಮಾರ್ ಪರದೆಯ ಮೇಲಿದ್ದ ಆ ಫೋಟೋದ ಮುಂದೆ ಬಹಳ ಹೊತ್ತು ನಿಂತರು. ಅದ್ಭುತ ಎಂದರು. ಇಷ್ಟು ವರ್ಷವಾದರೂ ತಮ್ಮ ಕಣ್ಣಿಗೆ ಬಿದ್ದಿರಲಿಲ್ಲವಂತೆ.

"ಅಂದ್ರೆ ಇವರ ಹತ್ರ ಇನ್ನೂ ಕೆಪಾಸಿಟಿ ಇದೆ."

"ಸರ್, ಅದು ಸಹಕಾರ…"

"ಅದೇ. ಸಹಕಾರ ಕೊಡೋರಿಗೆ ಟಾರ್ಗೆಟ್ ಜಾಸ್ತಿ ಮಾಡೋಣ. ಫೋಟೋ ಮಧ್ಯದಲ್ಲಿ ಗರ್ಭಿಣಿ ಇದ್ದಾರಲ್ಲ, ಅವರು ನಾಳೆಯಿಂದ ಮನೇಲಿ ರೆಸ್ಟ್ ತಗೊಳ್ಲಿ. ತಾಯ್ತನಕ್ಕೆ ಗೌರವ ಅಂತ ನೀವೇ ಹೇಳಿದ್ರಿ."

ಹೇಳಿದ್ದು ನಿಜ. ಕೊನೆಯ ಸ್ಲೈಡಿನಲ್ಲಿ, ಗುಲಾಬಿ ಅಕ್ಷರದಲ್ಲಿ. ರೆಸ್ಟ್ ಅಂದರೆ ಸಂಬಳದ ರಜೆಯೋ, ಬರೀ ಮನೆಯೋ ಎಂದು ಕೇಳಬೇಕಿತ್ತು. ಅಷ್ಟರಲ್ಲಿ ಅವರು, ಕೋರ್ಸ್ ಮುಗಿದ ಮೇಲೆ ಇಲ್ಲಿಗೇ ಬನ್ನಿ, ಎಚ್‌ಆರ್‌ಗೆ ನಿಮ್ಮಂಥವರೇ ಬೇಕು ಎಂದರು. ಪಲ್ಲವಿ ಥ್ಯಾಂಕ್ಯೂ ಸರ್ ಎಂದಳು. ತನ್ನ ಮೇಲೆ ಅವಳಿಗೆ ಅಸಹ್ಯವಾಯಿತು. ಖುಷಿಯೂ ಆಯಿತು.

ಸಂಜೆ ಅವಳೂ ಹೆಂಗಸರ ಜೊತೆ ಟಿ. ನರಸೀಪುರದ ಕಡೆಯ ಫ್ಯಾಕ್ಟರಿ ಬಸ್ಸು ಹತ್ತಿದಳು. ಸೀಟಿರಲಿಲ್ಲ, ಕಂಬಿ ಹಿಡಿದು ನಿಂತಳು. ಅವರಿಗಿನ್ನೂ ಏನೂ ಗೊತ್ತಿರಲಿಲ್ಲ. ಲೈನಿಗೆಲ್ಲ ಹಿರಿಯಳಾದ ಮುತ್ತಮ್ಮ ಕೇಳಿದಳು:

"ನಮ್ ಇಸ್ಯ ಏನ್ ಏಳುದ್ರವ್ವ ಮೀಟಿಂಗ್ನಲ್ಲಿ?"

"ಒಳ್ಳೇದೇ ಹೇಳ್ದೆ."

"ಸುನೀತನ್ ಮಾತು ಬರ್ನಿಲ್ವಾ?"

ಪಲ್ಲವಿ ಕಿಟಕಿಯಾಚೆ ನೋಡಿದಳು. "ಇಲ್ಲ."

ಬಸ್ಸು ಕುಲುಕಿತು. ಸೀಟಿನಲ್ಲಿದ್ದ ಸುನೀತಾ, ನಿಂತವರ ಹೊರೆಯನ್ನು ಕೂತವರು ಇಸಕೊಳ್ಳುವ ರೂಢಿಯಂತೆ, ಕೈ ಚಾಚಿದಳು.

"ತನ್ನಿ ಮಿಸ್, ನಾನ್ ಮಡಿಕತೀನಿ."

ಬೇಡ ಎನ್ನುವಷ್ಟರಲ್ಲಿ ಲ್ಯಾಪ್‌ಟಾಪ್ ಬ್ಯಾಗು ಅವಳ ತೊಡೆಯ ಮೇಲೆ, ಹೊಟ್ಟೆಗೆ ಒತ್ತಿಕೊಂಡು ಕೂತಿತ್ತು. ಜಾರದಿರಲೆಂದು ಸುನೀತಾ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ನಕ್ಕಳು.

"ಒದೀತಾ ಅದೆ, ನೋಡಿ."

ಪಲ್ಲವಿ ನೋಡಿದಳು. ಬ್ಯಾಗು ಅಲುಗುತ್ತಿತ್ತು.